ಬಲಗಡೆಯ ಹೂವು

ಟೌರಂಗಾ
೬ ಏಪ್ರಿಲ್ ೨೦೨೫

ಅರುಂಧತಿ ಅಕ್ಕನಿಗೆ ಲೀಲಾ ಬಗ್ಗಿ ಮಾಡುವ ನಮಸ್ಕಾರ.

ನಿನ್ನ ಕಿವಿಯ ಮಶೀನು ಮತ್ತೆ ಕೆಟ್ಟಿತಂತೆ. ಹೋಗಲಿ ಬಿಡು. ಫೋನಿನಲ್ಲಿ ನಾನು ಇಲ್ಲಿಂದ ಒದರುವುದು, ನೀನು ಅಲ್ಲಿಂದ "ಹಾಂ? ಏನಂದಿ?" ಅನ್ನುವುದು, ಕಡೆಗೆ ನಿಮ್ಮ ಓಣಿಗೆಲ್ಲ ನನ್ನ ಮೊಣಕಾಲು ನೋವಿನ ಸುದ್ದಿ ಮುಟ್ಟುವುದು. ಅದಕ್ಕಿಂತ ಕಾಗದವೇ ಚಂದ. ತಡವಾದರೂ ಪೂರ್ತಿ ಕೇಳಿಸುತ್ತದೆ.

ಈಗ ಸುದ್ದಿ. ನಮ್ಮ ಮನೆಗೆ ಲೀಡರೊಬ್ಬಳು ಬಂದು ಇಳಿದಿದ್ದಾಳೆ. ನಗಬೇಡ, ಮುಂದೆ ಓದು.

ಮಗಳು ಭಾರ್ಗವಿ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಒಂದು ಏರ್ಪಾಡಿದೆ. ಆಫ್ರಿಕಾದ ಬೇರೆ ಬೇರೆ ದೇಶಗಳಲ್ಲಿ ಒಳ್ಳೆಯ ಕೆಲಸ ಮಾಡಿ ತೋರಿಸಿದ ಎಳೆಯರನ್ನು ಆರಿಸಿ, ಆರು ತಿಂಗಳು ಇಲ್ಲಿಗೆ ಕರೆಸಿ, ನಾಲ್ಕು ಮಂದಿಯನ್ನು ಕಟ್ಟಿಕೊಂಡು ದೊಡ್ಡ ಕೆಲಸ ನಡೆಸುವುದು ಹೇಗೆಂದು ಕಲಿಸುತ್ತಾರೆ. ಫೆಲೋಷಿಪ್ ಅನ್ನುತ್ತಾರೆ. ಸಾವಿರಾರು ಮಂದಿ ಅರ್ಜಿ ಹಾಕಿದರೂ ಸಿಗುವುದು ಬೆರಳೆಣಿಕೆಯವರಿಗೆ. ಬಂದವರಿಗೆ ಉಳಿಯಲು ಮನೆ ಬೇಕಲ್ಲ? ಭಾರ್ಗವಿ ನನ್ನನ್ನು ಕೇಳದೆ ಹೂಂ ಅಂದುಬಿಟ್ಟಿದ್ದಳು. ಮೊಮ್ಮಗಳು ಮಾನ್ಯ ತನ್ನ ಕೋಣೆ ಬಿಟ್ಟುಕೊಟ್ಟು ನನ್ನ ಹಾಸಿಗೆಗೆ ಬಂದಳು.

ಲೀಡರೆಂದರೆ ನನಗೆ ಗೊತ್ತಿರುವುದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಂದೊಂದು ಹತ್ತು ಗಾಡಿ. ಯಾವುದಕ್ಕೂ ಇರಲಿ ಎಂದು ಹಿತ್ತಲ ಹೂ ಕಿತ್ತು ಹಾರ ಕಟ್ಟಿಟ್ಟಿದ್ದೆ. ಅಳಿಯ ಚಿದಾನಂದ, "ಅತ್ತಿ, ಮೈಕ್ ಸೆಟ್ಟೂ ತರಿಸ್ಲೇನು?" ಎಂದು ನನ್ನನ್ನು ಕಾಡಿದ.

ಬಂದವಳು ಒಂದೇ ಚೀಲ ಹಿಡಿದ ಹುಡುಗಿ. ಹೆಸರು ಚಿಕೊಂಡಿ, ದೇಶ ಮಲಾವಿ. ಯಾರೂ ಹೇಳದೆ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ನನ್ನ ನರೆತ ಕೂದಲು ಕಂಡದ್ದೇ ಎರಡೂ ಮೊಣಕಾಲೂರಿ, ಅಂಗೈಗಳನ್ನು ಮೆಲ್ಲಗೆ ತಟ್ಟಿ ತಲೆ ಬಾಗಿಸಿದಳು. ಅದು ಅವರಲ್ಲಿ ಹಿರಿಯರಿಗೆ ಮಾಡುವ ನಮಸ್ಕಾರವಂತೆ. ಮಾನ್ಯ, "ಅಜ್ಜಿ, ವೈ ಈಸ್ ಶಿ ಆನ್ ದ ಫ್ಲೋರ್?" ಅಂದಳು. ನಾನು ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಒಬ್ಬರು ನನ್ನ ವಯಸ್ಸಿಗೆ ಬಗ್ಗಿದರು. ಹಾರ ಕೈಯಲ್ಲೇ ಉಳಿಯಿತು. ಆಮೇಲೆ ದೇವರಿಗೆ ಹಾಕಿದೆ.

ಊಟಕ್ಕೆ ಜೋಳದ ಹಿಟ್ಟಿನ ಸಂಗಟಿ ಮಾಡಿದ್ದೆ. ಅವರಲ್ಲೂ ಮೆಕ್ಕೆಜೋಳದ್ದು ಇಂಥದೇ ಇದೆಯಂತೆ. ಕೈ ತೊಳೆದು, ಕಣ್ಣು ಮುಚ್ಚಿ ತನ್ನ ಯೇಸುವಿಗೆ ಏನೋ ಹೇಳಿ, ಸಂಗಟಿ ಮುರಿದು, ಹೆಬ್ಬೆರಳಿನಿಂದ ಗುಳಿ ಮಾಡಿ, ಬದನೆಕಾಯಿ ಪಲ್ಯ ಎತ್ತಿದಳು. ನಮ್ಮ ಅವ್ವ ಹೀಗೇ ಉಣ್ಣುತ್ತಿದ್ದಳಲ್ಲ! ಅದನ್ನು ನೋಡಿ ಚಿದಾನಂದ ತನ್ನ ಚಮಚ ಕೆಳಗಿಟ್ಟ.

ನೀನು ಮೈ ನೋಡಿಕೋ. ಸೊಸೆ ಚೈತನ್ಯಾಳ ದಿನ ತುಂಬುತ್ತಿರಬೇಕಲ್ಲ? ಬರೆ.

ನಿನ್ನ ತಂಗಿ
ಲೀಲಾವತಿ

•

ಊರಿಂದ
೧ ಮೇ ೨೦೨೫

ಲೀಲಾಗೆ ಅಕ್ಕನ ಆಶೀರ್ವಾದ.

ಕಾಗದ ಮುಟ್ಟಿತು. ಒಬ್ಬಳೇ ಕೂತು ನಕ್ಕೆ. ಮಗ, "ಯವ್ವಾ, ಯಾರ್ ಏನ್ ಅಂದ್ರ ನಗಾಕತ್ತೀ, ನಿನಗ ಕೇಳ್ಸೂದೇ ಇಲ್ಲಲ್ಲ" ಅಂದ.

ಚೈತನ್ಯಾಗೆ ಗಂಡು ಕೂಸು. ತಾಯಿ ಮಗ ಚೆನ್ನಾಗಿದ್ದಾರೆ, ಅದನ್ನು ಮೊದಲು ತಿಳಿದುಕೋ. ನೋವು ಬಂದಾಗ ಮುಂಡರಗಿಯ ದವಾಖಾನೆಗೆ ಕಾರಿನಲ್ಲಿ ಹೊರಟೆವು, ದಾರಿಯಲ್ಲೇ ಹೆರಿಗೆಯಾಯಿತು. ನಾನೇ ಹಿಡಿದುಕೊಂಡೆ. ಕೂಸು ಅತ್ತದ್ದು ನನಗೆ ಕೇಳಿಸಲಿಲ್ಲ. ಬಾಯಿ ತೆರೆದದ್ದು ನೋಡಿ ಅತ್ತಿತೆಂದು ತಿಳಿದೆ. ಊರದೇವಿ ದ್ಯಾಮವ್ವ ಬೆನ್ನಿಗಿದ್ದಳು. ನಮ್ಮೂರ ಆರೋಗ್ಯ ಉಪಕೇಂದ್ರಕ್ಕೆ ಬೀಗ ಬಿದ್ದು ಬಹಳ ದಿನವಾಯಿತು. ಇದ್ದ ನರ್ಸು ಹೋದಳು, ಬೇರೆಯವರು ಬರಲಿಲ್ಲ. ಕಟ್ಟೆಯ ಮೇಲೆ ನಾಯಿ ಮಲಗುತ್ತವೆ.

ಇದನ್ನು ಭಾರ್ಗವಿಗೆ ಹೇಳಬೇಡ. ನರ್ಸಾದವಳು. ದೂರ ಕೂತು ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ.

ನಿನ್ನ ಲೀಡರು ಊರಲ್ಲಿ ಏನು ಕೆಲಸ ಮಾಡುತ್ತಾಳೆಂದು ನೀನು ಬರೆಯಲೇ ಇಲ್ಲ. ಉಂಡದ್ದನ್ನು ಮಾತ್ರ ಬರೆದಿದ್ದೀಯ.

ಅಕ್ಕ
ಅರುಂಧತಿ

•

ಟೌರಂಗಾ
೮ ಜೂನ್ ೨೦೨೫

ಅಕ್ಕನಿಗೆ ನಮಸ್ಕಾರ. ಕೂಸಿಗೆ ಈ ಅಜ್ಜಿಯ ಮುತ್ತು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಭಾರ್ಗವಿಗೆ ಗಂಡು ಕೂಸು ಎಂದಷ್ಟೇ ಹೇಳಿದೆ. ಬೇರೆ ಹೇಳಲಿಲ್ಲ.

ಚಿಕೊಂಡಿಯ ಕೆಲಸ ಕೇಳಿದೆಯಲ್ಲ. ಅವಳೂ ನರ್ಸು, ಹೆರಿಗೆ ಮಾಡಿಸುವವಳು. ಮೂವತ್ತೂ ತುಂಬಿಲ್ಲ. ಅವಳ ಊರು ಒಂದು ದೊಡ್ಡ ಸರೋವರದ ದಂಡೆಗಿದೆ. ಸುತ್ತಲ ಹಳ್ಳಿಗಳಿಗೆಲ್ಲ ಅವಳದೊಂದೇ ಆರೋಗ್ಯ ಕೇಂದ್ರ, ಬಸುರಿಯರು ದೋಣಿಯಲ್ಲಿ ಬರಬೇಕು. ಗಾಳಿ ಎದ್ದರೆ ದೋಣಿ ಹೊರಡುವುದಿಲ್ಲ. ಅದಕ್ಕೇ ಹಳ್ಳಿಯ ಹೆಂಗಸರನ್ನು ಕೂಡಿಸಿ, ಇಟ್ಟಂಗಿ ಹೊರಿಸಿ, ಕೇಂದ್ರದ ಪಕ್ಕ ಒಂದು ಕೋಣೆ ಕಟ್ಟಿಸಿದಳು. ದಿನ ಹತ್ತಿರ ಬಂದವರು ಮೊದಲೇ ಬಂದು ಅಲ್ಲಿ ಇರುತ್ತಾರೆ. ಅವಳನ್ನು ಆರಿಸಿದ್ದು ಅದನ್ನು ನೋಡಿ.

ಈಗ ಅವಳಿಲ್ಲದಾಗ ಬೇರೆ ಊರಿನ ನರ್ಸು ವಾರಕ್ಕೆರಡು ಸಲ ಬಂದು ಹೋಗುತ್ತಾಳೆ. ಆದರೂ ಹಳ್ಳಿಯ ಹೆಂಗಸರು ಪಾಳಿ ಹಚ್ಚಿಕೊಂಡು ದಿನಾ ಕೇಂದ್ರದ ಕಟ್ಟೆ ಗುಡಿಸುತ್ತಾರೆ. ಗುಡಿಸಿ, ಯಾರದೋ ಫೋನಿನಿಂದ ಫೋಟೊ ಕಳಿಸುತ್ತಾರೆ. ಮನುಷ್ಯರಿಲ್ಲ, ಏನಿಲ್ಲ, ಬರೀ ಗುಡಿಸಿದ ಕಟ್ಟೆ. ಇವಳು ಚಹಾ ಕುಡಿಯುತ್ತ ಅದನ್ನು ನೋಡಿ, ನನಗೂ ತೋರಿಸುತ್ತಾಳೆ. ನಾನು ಗುಡಿಯ ಕಡೆ ಮುಖ ಮಾಡಿದವಳಂತೆ ಸುಮ್ಮನೆ ಕೈ ಮುಗಿಯುತ್ತೇನೆ.

ಅವಳನ್ನೂ ಅವಳ ಜೊತೆಯ ಫೆಲೋಗಳನ್ನೂ ಇಲ್ಲಿಯ ಮೂಲದವರಾದ ಮಾವೋರಿಗಳು ತಮ್ಮ ಕೂಟದ ಮನೆಗೆ ಕರೆದಿದ್ದರು. ಮನೆಯವರೂ ಬರಬೇಕೆಂದರು, ನಾನೂ ಹೋದೆ. ಬಾಗಿಲಲ್ಲಿ ಒಬ್ಬ ಮುದುಕಿ ನಿಂತು ಉದ್ದನೆಯ ದನಿ ತೆಗೆದು ನಮ್ಮನ್ನು ಕರೆದಳು. ಬರೀ ನಮ್ಮನ್ನಲ್ಲವಂತೆ; ನಮ್ಮ ಹಿಂದೆ ಬರುವ ಸತ್ತ ಹಿರಿಯರನ್ನೂ ಸೇರಿಸಿ ಕರೆಯುವುದಂತೆ. ನನ್ನ ಗಂಡ, ನಮ್ಮ ಅವ್ವ, ಅಪ್ಪ ಎಲ್ಲರೂ ನನ್ನ ಹಿಂದೆ ಸಾಲುಗಟ್ಟಿ ಹೊಸ್ತಿಲು ದಾಟಿದರೆಂದೇ ಅನ್ನಿಸಿತು.

ಒಳಗೆ ಕೂತ ಮೇಲೆ ಪ್ರತಿಯೊಬ್ಬರೂ ಮೊದಲು ತಮ್ಮ ಗುಡ್ಡದ ಹೆಸರು, ಆಮೇಲೆ ತಮ್ಮ ನೀರಿನ ಹೆಸರು, ಕಡೆಗೆ ತಮ್ಮ ಹೆಸರು ಹೇಳಬೇಕು. ನನ್ನ ಸರದಿ ಬಂದಾಗ ಭಾರ್ಗವಿ ಮೊಣಕೈಯಿಂದ ತಿವಿದಳು. "ಕನ್ನಡದಾಗ ಹೇಳವ್ವಾ, ನಡೀತೈತಿ." ಎದ್ದು ನಿಂತು, "ನನ್ನ ಗುಡ್ಡ ಕಪ್ಪತಗುಡ್ಡ, ನನ್ನ ಹೊಳೆ ತುಂಗಭದ್ರೆ, ನಾನು ಲೀಲಾವತಿ" ಅಂದೆ. ಯಾರೂ ನಗಲಿಲ್ಲ. ಆ ಮುದುಕಿ ಬಂದು ನನ್ನ ಹಣೆಗೆ ಹಣೆ, ಮೂಗಿಗೆ ಮೂಗು ಹಚ್ಚಿದಳು. ಅವಳ ಉಸಿರು ನನಗೆ ತಾಗಿತು. ಇಷ್ಟು ವರ್ಷ ಇಲ್ಲಿದ್ದೂ ನಾನು ಇವತ್ತೇ ಬಂದೆ ಅನ್ನಿಸಿತು.

ಈಗ ನಿನ್ನಿಂದ ಒಂದು ಕೆಲಸವಾಗಬೇಕು.

ಇಲ್ಲಿಯ ಒಂದು ರೆಸ್ಟ್ ಹೋಮಿನವರು, ಅಂದರೆ ವೃದ್ಧರನ್ನು ಇಟ್ಟುಕೊಂಡು ನೋಡುವವರು, ಚಿಕೊಂಡಿಯ ಕೆಲಸ ಕಂಡು ಬೆನ್ನು ಹತ್ತಿದ್ದಾರೆ. ಫೆಲೋಷಿಪ್ ಮುಗಿದ ಮೇಲೆ ಒಮ್ಮೆ ತನ್ನ ದೇಶಕ್ಕೆ ಹೋಗಲೇಬೇಕು, ಅದು ಕರಾರು. ಆಮೇಲೆ ವೀಸಾ ಮಾಡಿಸಿ, ಪರೀಕ್ಷೆ ಬರೆಸಿ ನಾವೇ ಕರೆಸಿಕೊಳ್ಳುತ್ತೇವೆ, ಜುಲೈ ಮುಗಿಯುವುದರೊಳಗೆ ಹೂಂ ಅನ್ನು ಎಂದು ಹೇಳಿದ್ದಾರೆ. ಅವಳು ಇನ್ನೂ ಏನೂ ಅಂದಿಲ್ಲ. ಇಂಥ ಭಾಗ್ಯ ಯಾರು ಬೇಡ ಅನ್ನುತ್ತಾರೆ? ನಮ್ಮ ಮನೆಯಲ್ಲೇ ಇರಲಿ. ನನಗೆ ಇನ್ನೊಬ್ಬ ಮಗಳಾದಳು, ಅಕ್ಕ. ಬಿಟ್ಟು ಕೊಡಲು ಮನಸ್ಸಿಲ್ಲ.

ನೀನು ಮಂಗಳವಾರ ದ್ಯಾಮವ್ವನ ಗುಡಿಗೆ ಹೋಗಿ, ಆ ಹುಡುಗಿ ಇಲ್ಲೇ ನೆಲೆ ನಿಲ್ಲಲಿ ಎಂದು ಹೂವಿನ ಪ್ರಸಾದ ಕೇಳು. ಬಲಗಡೆ ಹೂ ಬಿದ್ದರೆ ಸಾಕು, ಸೀರೆ ಉಡಿಸುತ್ತೇನೆಂದು ಹರಕೆ ಕಟ್ಟು. ಅವಳಿಗೆ ಹೇಳಿಲ್ಲ. ಆದ ಮೇಲೆ ಹೇಳಿದರಾಯಿತು.

ನಿನ್ನ ಲೀಲಾ

•

ಊರಿಂದ
೨ ಜುಲೈ ೨೦೨೫

ಲೀಲಾ,

ಗುಡಿಗೆ ಹೋಗಿದ್ದೆ. ಮಡಿಯಿಂದ ಹೋಗಿ, ಪೂಜೆ ಮಾಡಿಸಿ ನಿಂತೆ. ನಾನು ಕೇಳಿ ಮುಗಿಸುವುದರೊಳಗೆ ತಾಯಿ ಹೂ ಕೊಟ್ಟಳು. ಬಲಗಡೆ. ಅಷ್ಟು ಬೇಗ ಕೊಟ್ಟದ್ದು ನಾನು ಕಂಡಿಲ್ಲ. ಪೂಜಾರಿಯೇ ಬೆರಗಾಗಿ ನನ್ನ ಮುಖ ನೋಡಿದ.

ಆ ಹೂವಿನ ಎಸಳು ಇದರೊಳಗಿಟ್ಟರೆ ನಿಮ್ಮ ದೇಶದವರು ತೆಗೆದು ಬಿಸಾಕುತ್ತಾರೆ. ಹಿಂದೆ ಭಾರ್ಗವಿಗೆ ಕಳಿಸಿದ ಉಡಿಯಕ್ಕಿಯ ಗತಿ ನೆನಪಿದೆಯಲ್ಲ? ಅದಕ್ಕೇ ಇಲ್ಲೇ ಇಟ್ಟುಕೊಂಡಿದ್ದೇನೆ.

ಕೂಸು ಈಗ ನಗುತ್ತದೆ.

ಅಕ್ಕ

•

ಟೌರಂಗಾ
೩ ಆಗಸ್ಟ್ ೨೦೨೫

ಅಕ್ಕ,

ನಿನ್ನ ಕಾಗದ ಬಂದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಹೆಸರುಬೇಳೆ ಪಾಯಸ ಮಾಡಿದೆ. ಚಿಕೊಂಡಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದಳು. "ನೋಡ್ರಿ, ಆಫ್ರಿಕಾದ ನಕ್ಷೆ ಬಡದಾಳ" ಎಂದು ಚಿದಾನಂದ ಕಾಡಿಸಿದರೆ, ಅವಳು ಅದರ ನಡುವೆ ಬೆರಳೂರಿ, ತನ್ನ ಊರು ಇಲ್ಲಿದೆ ಎಂದು ತೂತು ಮಾಡಿ ತೋರಿಸಿದಳು.

ಅವಳನ್ನು ಎದುರಿಗೆ ಕೂಡಿಸಿಕೊಂಡು ಹೇಳಿದೆ. ಭಾರ್ಗವಿ ನಡುವೆ ಕೂತು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಮಾತು ದಾಟಿಸುತ್ತಿದ್ದಳು. "ನಮ್ಮೂರ ದ್ಯಾಮವ್ವ ಬಲಗಡೆ ಹೂ ಕೊಟ್ಟಾಳ. ನೀ ಇನ್ನ ಚಿಂತಿ ಮಾಡಬ್ಯಾಡ. ಕೆಲಸಕ್ಕ ಹೂಂ ಅನ್ನು."

ಅವಳು ನಗಲಿಲ್ಲ. ನನ್ನ ದೇವರನ್ನು ಅವಳು ಎಂದೂ ನಗೆ ಮಾಡಿದವಳಲ್ಲ. ಹೂ ಹೇಗೆ ಕೊಡುತ್ತಾಳೆಂದು ವಿವರವಾಗಿ ಕೇಳಿದಳು. ಆಮೇಲೆ ಅಂದದ್ದನ್ನು ಭಾರ್ಗವಿ ಹೀಗೆ ಹೇಳಿದಳು: "ಅವ್ವಾ, ದೇವಿಗೆ ಏನಂತ ಕೇಳಿದ್ರು, ಅಂತಾಳ."

"ಏನಂತ ಅಂದ್ರ? ನೀ ಇಲ್ಲೇ ಇರಬೇಕಂತ."

ಚಿಕೊಂಡಿ ಬಹಳ ಹೊತ್ತು ತನ್ನ ಕೈಯ ಹಿಟ್ಟು ತಿಕ್ಕಿಕೊಂಡಳು. "ದೇವಿನ್ನ ಕೇಳಿದ್ರಿ. ನನ್ನ ಯಾರೂ ಕೇಳ್ಲಿಲ್ಲಲ್ಲ, ಅವ್ವಾ."

ಸಿಟ್ಟಿನಿಂದ ಅನ್ನಲಿಲ್ಲ. ನನ್ನ ಕೈ ಹಿಡಿದುಕೊಂಡೇ ಅಂದಳು. ನನಗೆ ಅದು ಇನ್ನೂ ಕಷ್ಟವಾಯಿತು.

ಆ ವಾರದ ಕೊನೆಗೆ ಫೆಲೋಗಳೆಲ್ಲ ತಾವು ಕಲಿತದ್ದನ್ನು ದೊಡ್ಡವರ ಮುಂದೆ ಹೇಳುವ ಸಭೆ ಇತ್ತು. ಒಬ್ಬ ಹುಡುಗ ನೀರಿನ ಎಂಜಿನಿಯರು, ಒಬ್ಬಳು ವಕೀಲಳು. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಓಡಿಸಿ ಚೆನ್ನಾಗಿ ಮಾತಾಡಿದರು. ನಮ್ಮವಳು ಒಂದೇ ಚಿತ್ರ ಹಾಕಿದಳು, ಅಕ್ಕ. ಅವತ್ತು ಬೆಳಿಗ್ಗೆ ಗುಡಿಸಿದ ಕಟ್ಟೆ.

ಭಾರ್ಗವಿ ನನ್ನ ಕಿವಿಯಲ್ಲಿ ಹೇಳುತ್ತಾ ಬಂದಳು. "'ನೀವು ನನ್ನನ್ನ ಲೀಡರ್ ಅಂತೀರಿ. ಈ ಕಟ್ಟಿ ಗುಡಿಸಾಕ ನಾ ಯಾರಿಗೂ ಹೇಳಿಲ್ಲ. ಅವರಿಗೆ ಅಕ್ಷರ ಬರಂಗಿಲ್ಲ, ಕಾಗದ ಬರಿಯಾಕ ಬರಂಗಿಲ್ಲ. ಇದು ಅವರು ದಿನಾ ನನಗ ಬರಿಯೋ ಕಾಗದ. ಇಲ್ಲಿ ಎಲ್ಲಾ ಕಲ್ತೆ. ಉತ್ತರ ಕೊಡಾಕ ನಾನಾ ಹೋಗಬೇಕು.'"

ಇಷ್ಟು ಹೇಳಿ ಕೆಳಗಿಳಿದಳು. ರೆಸ್ಟ್ ಹೋಮಿನ ಹೆಂಗಸು ಮೂರನೆಯ ಸಾಲಿನಲ್ಲಿದ್ದಳು. ಅವಳೇ ಮೊದಲು ಎದ್ದು ನಿಂತಳು. ಆಮೇಲೆ ಎಲ್ಲರೂ. ನಾನೂ ಎದ್ದೆ. ಗುಡಿಯಲ್ಲಿ ಮಂಗಳಾರತಿಗೆ ಏಳುತ್ತೇವಲ್ಲ, ಹಾಗೆ. ಆದರೆ ಚಪ್ಪಾಳೆ ತಟ್ಟಲಿಲ್ಲ.

ಮನೆಗೆ ಬಂದು ದೀಪ ಹಚ್ಚಿದೆ, ತಾಯಿಯ ಜೊತೆ ಮಾತಾಡಲಿಲ್ಲ. ಇವತ್ತಿಗೂ ಮಾತಿಲ್ಲ. ಸಣ್ಣವಳಿದ್ದಾಗಿನಿಂದ ಆ ತಾಯಿಯ ಹೂವನ್ನು ನಂಬಿ ಬಂದವಳು ನಾನು. ನನ್ನ ಲಗ್ನಕ್ಕೆ ಅವಳ ಹೂ, ಭಾರ್ಗವಿ ವಿಮಾನ ಹತ್ತಲು ಅವಳ ಹೂ. ನಿಜ ಹೇಳು ಅಕ್ಕ, ದ್ಯಾಮವ್ವ ಸುಳ್ಳು ಹೂ ಕೊಡುತ್ತಾಳೇನು?

ಲೀಲಾವತಿ

•

ಊರಿಂದ
೨೪ ಆಗಸ್ಟ್ ೨೦೨೫

ಲೀಲಾ,

ತಾಯಿಯ ಮೇಲೆ ಸಿಟ್ಟು ಬಿಡು. ಮಾಡುವುದಿದ್ದರೆ ನನ್ನ ಮೇಲೆ ಮಾಡು. ನೀನು ಹೇಳಿದ್ದನ್ನು ನಾನು ಕೇಳಲಿಲ್ಲ.

ಕೇಳಬೇಕೆಂದೇ ಹೋಗಿದ್ದೆ. ಆದರೆ ಗುಡಿಗೆ ಹೋಗುವ ದಾರಿಯಲ್ಲೇ ನಮ್ಮ ಉಪಕೇಂದ್ರವಿದೆ. ಕಟ್ಟೆಯ ಮೇಲೆ ನಾಯಿ ಮಲಗಿತ್ತು. ತಾಯಿಯ ಮುಂದೆ ನಿಂತಾಗ ನೀನು ಬರೆದ ಆ ಕಸಬರಿಗೆಯ ಹೆಂಗಸರು ಕಣ್ಣಿಗೆ ಬಂದರು. ಅವರೂ ತಮ್ಮ ದೇವರ ಮುಂದೆ ನಿಂತು ಇದೇ ಹುಡುಗಿಯನ್ನು ಬೇಡುತ್ತಿರುತ್ತಾರೆ. ಈ ಕಡೆಯಿಂದ ನಾವು ಎಳೆದರೆ ದೇವರಾದರೂ ಯಾರಿಗೆ ಕೊಡಬೇಕು? ನನ್ನ ಬಾಯಿಂದ ಬೇರೆಯೇ ಮಾತು ಬಂತು. "ತಾಯೀ, ಆ ಕೂಸು ತನ್ನ ಮಂದಿ ಇರೋ ಕಡೆ ಸುಖವಾಗಿ ಮುಟ್ಲಿ" ಅಂದೆ. ಅಂದು ಮುಗಿಸುವುದರೊಳಗೆ ಹೂ ಬಿತ್ತು.

ಆಗಲೇ ಬರೆಯಬೇಕಿತ್ತು. ಬರೆದರೆ ನೀನು ಕಾಗದ ನಿಲ್ಲಿಸುತ್ತೀಯೆಂದು ಹೆದರಿದೆ. ಈ ಕಿವುಡಿಗೆ ಮತ್ತೆ ಯಾರ ದನಿ ಇದೆ?

ಅವಳನ್ನು ಬರಿಗೈಯಲ್ಲಿ ಕಳಿಸಬೇಡ. ಉಡಿ ತುಂಬು. ನಿನಗೆ ತುಂಬುವ ಭಾಗ್ಯ ಇಲ್ಲ, ಅವಳಿಗೆ ಲಗ್ನ ಆಗಿಲ್ಲ ಎಂದು ಶಾಸ್ತ್ರ ತೆಗೆಯಬೇಡ. ಭಾರ್ಗವಿಯ ಕೈಯಿಂದ ತುಂಬಿಸು. ಆ ಅಕ್ಕಿಯನ್ನು ಅವಳು ಹೋಗಿ ಮುಟ್ಟಿದ ಮನೆಯಲ್ಲಿ ಅಟ್ಟು ನಾಲ್ಕು ಮಂದಿಗೆ ಹಾಕಬೇಕೆಂದು ಹೇಳು.

ಅಕ್ಕ

•

ಟೌರಂಗಾ
೫ ಅಕ್ಟೋಬರ್ ೨೦೨೫

ಅಕ್ಕನಿಗೆ ಲೀಲಾಳ ನಮಸ್ಕಾರ.

ನಿನ್ನ ಕಾಗದ ಓದಿ, ನೆಟ್ಟಗೆ ದೇವರ ಮುಂದೆ ಹೋಗಿ ಕಿವಿ ಹಿಡಿದು ಗಲ್ಲ ಬಡಿದುಕೊಂಡೆ. ಅಲ್ಲಿ ಕೇಳಿದವಳಿಗೆ ಕಿವಿ ಕೇಳಿಸುವುದಿಲ್ಲ, ಇಲ್ಲಿ ಕೇಳಿಸಿದವಳಿಗೆ ಬುದ್ಧಿ ಇಲ್ಲ. ನಡುವೆ ಆ ತಾಯಿ ಹೂವನ್ನು ಎಲ್ಲಿಗೆ ಹಾಕಬೇಕೋ ಅಲ್ಲಿಗೇ ಹಾಕಿದ್ದಳು. ಹರಕೆಯ ಸೀರೆ ಬಾಕಿ ಇದೆ. ಕೊಟ್ಟೇ ಕೊಡುತ್ತೇನೆ.

ಚಿಕೊಂಡಿ ಹೊರಟ ದಿನ ಮಣೆ ಹಾಕಿ ಕೂಡಿಸಿದೆವು. ನನ್ನ ಇಳಕಲ್ ಸೀರೆ ಉಡಿಸಿದ್ದೆ. ಎತ್ತರದ ಹುಡುಗಿ, ಕಣಕಾಲು ಕಾಣುತ್ತಿತ್ತು. ಭಾರ್ಗವಿ ಅರಿಶಿನ ಕುಂಕುಮ ಹಚ್ಚಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಕುಪ್ಪಸದ ಖಣ ಎಲ್ಲ ಹಾಕಿದಳು. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಎತ್ತಿ ಕೊಟ್ಟೆ. ಚಿಕೊಂಡಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಅದು ಕೂಸೋ ಏನೋ ಎಂಬಂತೆ ನೋಡುತ್ತ ಕೂತಿದ್ದಳು.

ಕೂತಲ್ಲಿಂದಲೇ ಒಂದು ಮಾತು ಕೇಳಿದಳು. ನಿಮ್ಮ ಊರಲ್ಲಿ ಹೆರಿಗೆ ಯಾರು ಮಾಡಿಸುತ್ತಾರೆ, ಅವ್ವಾ?

ಹೇಳಬೇಡ ಎಂದು ನೀನು ಬರೆದಿದ್ದೆ. ಆದರೆ ಉಡಿ ತುಂಬಿಸಿಕೊಂಡು ಕೂತವಳ ಮುಂದೆ ಸುಳ್ಳು ಹೇಗೆ ಹೇಳಲಿ? ಹೇಳಿದೆ. ಬೀಗ ಹೇಳಿದೆ, ಚೈತನ್ಯಾಳ ಕಾರು ಹೇಳಿದೆ, ಅಳು ಕೇಳಿಸದ ನೀನು ಕೂಸಿನ ಬಾಯಿ ನೋಡಿದ್ದನ್ನೂ ಹೇಳಿದೆ. ನಾನು ಕನ್ನಡದಲ್ಲಿ ಅಂದದ್ದನ್ನು ಭಾರ್ಗವಿ ಇಂಗ್ಲಿಷಿಗೆ ದಾಟಿಸಬೇಕು. ಅವಳು ಅದನ್ನು ಮೊದಲ ಸಲ ಕೇಳುತ್ತಿದ್ದಳು. ಕಾರಿನ ತನಕ ಹೇಳಿದಳು. ಆಮೇಲೆ ನಿಂತುಬಿಟ್ಟಳು. ಚಿಕೊಂಡಿಗೆ ಎಷ್ಟು ತಿಳಿಯಿತೋ, ಒಂದು ಕೈಯಿಂದ ಸೆರಗು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಭಾರ್ಗವಿಯ ಕೈ ಹಿಡಿದಳು. ಆ ಕೈ ಹಿಡಿದುಕೊಂಡೇ ಭಾರ್ಗವಿ ಉಳಿದದ್ದನ್ನು ಹೇಳಿ ಮುಗಿಸಿದಳು.

ವಿಮಾನ ನಿಲ್ದಾಣದಲ್ಲಿ ಚಿಕೊಂಡಿ ಮತ್ತೆ ಮೊಣಕಾಲೂರಿದಳು. ಈ ಸಲ ನಾನೂ ನನ್ನ ನೋಯುವ ಮೊಣಕಾಲೂರಿ ಅವಳೆದುರು ಕೂತೆ. "ಗೆಟ್ ಅಪ್ ಅಜ್ಜಿ, ಎವ್ರಿಒನ್ ಈಸ್ ಲುಕಿಂಗ್" ಎಂದು ಮಾನ್ಯ ಕೂಗಿದಳು. ನೋಡಲಿ ಬಿಡು. ಚಿದಾನಂದ ಬಂದು ಎತ್ತಿದ.

ಹೋದ ವಾರ ಅವಳ ಫೋಟೊ ಬಂತು. ಕಟ್ಟೆ ಗುಡಿಸಿದೆ. ಈ ಸಲ ಮೇಲೆ ಮನುಷ್ಯರಿದ್ದಾರೆ. ಬಸುರಿಯರು ಸಾಲಾಗಿ ಕೂತಿದ್ದಾರೆ, ಒಬ್ಬೊಬ್ಬರ ಕೈಯಲ್ಲೂ ತಟ್ಟೆ. ನಾವು ಕೊಟ್ಟ ಅಕ್ಕಿ, ಅಕ್ಕ. ಅಷ್ಟು ಮಂದಿಗೆ ಹೇಗೆ ಸಾಲಿತೋ ಆ ತಾಯಿಗೇ ಗೊತ್ತು. ಮೂಲೆಯಲ್ಲಿ ಚಿಕೊಂಡಿ ಖಣವನ್ನು ತಲೆಗೆ ಕಟ್ಟಿಕೊಂಡು ಬಗ್ಗಿ ಬಡಿಸುತ್ತಿದ್ದಾಳೆ.

ಭಾರ್ಗವಿ ಆ ಫೋಟೊವನ್ನು ಅಡುಗೆಮನೆಯ ಫ್ರಿಜ್ಜಿಗೆ ಅಂಟಿಸಿದ್ದಾಳೆ. ಉಡಿ ತುಂಬಿದ ದಿನದಿಂದ ಅವಳಿಗೆ ಮಾತು ಕಡಿಮೆ. ಚಿದಾನಂದನ ಜೊತೆ ಕೂತು ಏನೋ ರಜೆಯ ಲೆಕ್ಕ ಹಾಕುತ್ತಾಳೆ, ನಾನು ಹೋದರೆ ನಿಲ್ಲಿಸುತ್ತಾಳೆ. ಈಗ ನಾನು ಈ ಕಾಗದ ಬರೆಯುವುದನ್ನು ಕಂಡು ಹಿಂದೆ ಬಂದು ನಿಂತಳು.

"ಯವ್ವಾ, ದೊಡ್ಡವ್ವನ್ನ ಒಂದ್ ಮಾತ್ ಕೇಳು. ಆ ಉಪಕೇಂದ್ರದ ಬೀಗದ ಕೀಲಿ ಯಾರ ಹತ್ರ ಐತಂತ?"

ಯಾಕೆಂದು ನಾನು ಕೇಳಿಲ್ಲ. ನೀನೂ ತಾಯಿಯ ಮುಂದೆ ನಿಂತು ಏನೂ ಕೇಳಬೇಡ. ಕೀಲಿ ಯಾರ ಹತ್ತಿರ ಇದೆ, ಅಷ್ಟು ವಿಚಾರಿಸಿ ಬರೆ.

ನಿನ್ನ ತಂಗಿ
ಲೀಲಾವತಿ